ಅಪ್‌ಡೇಟ್: ಕಾಸರಕೋಡು ಕಡಲತೀರಕ್ಕೆ ಹೋಗಿ ಬಂದೆವು

ವಯಸ್ಸಾದ ತಂದೆತಾಯಿಯರೊಂದಿಗೆ ವಾರಾಂತ್ಯ ಕಳೆಯಲು ಗೋಕರ್ಣ, ಮುರುಡೇಶ್ವರಗಳ ಜನಜಂಗುಳಿಯಿಲ್ಲದ ಕಡಲತೀರ ಯಾವುದೆಂದು ನಾನು ಹಿಂದೆ ಕೇಳಿದ್ದೆ. ಹಲವರು ಸೂಚಿಸಿದಂತೆ ಹೊನ್ನಾವರದ ಪಕ್ಕದ ಕಾಸರಕೋಡನ್ನೇ ಆರಿಸಿಕೊಂಡೆವು. ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು.

2020ರಲ್ಲಿ ಪಡುಬಿದ್ರಿಯೊಂದಿಗೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಈ ತೀರದಲ್ಲಿ ಶೌಚಾಲಯ, ನಡೆಯಲು ಸಮತಟ್ಟಾದ ದಾರಿ, ಸ್ನಾನಕ್ಕೆಂದು ಗುರುತಿಸಿದ ಜಾಗ ಇವೆಲ್ಲ ಇರುವುದರಿಂದ, ಮೊಣಕಾಲು ನೋವಿರುವ ಅಮ್ಮನಿಗೂ ನೀರಿನ ಸಮೀಪದವರೆಗೆ ಹೋಗುವುದು ಕಷ್ಟವಾಗಲಿಲ್ಲ. ಭಾನುವಾರ ಸಂಜೆ ಮಾತ್ರ ಸ್ಥಳೀಯ ಕುಟುಂಬಗಳು ಬಂದು ಸ್ವಲ್ಪ ಗದ್ದಲವಾಯಿತು. ಸೋಮವಾರ ಬೆಳಿಗ್ಗೆ ಗಾಳಿಮರಗಳ ನೆರಳಲ್ಲಿ ಅಪ್ಪ ಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದಿ ಮುಗಿಸಿದರು.

ನನಗೆ ಹೆಚ್ಚು ಹಿಡಿಸಿದ್ದು, ಸಮುದ್ರಕ್ಕಿಂತಲೂ, ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗಿನ ಹಲಗೆ ದಾರಿ. ಇಳಿತದ ಹೊತ್ತಿನಲ್ಲಿ ಹೋದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳೂ ಅವುಗಳ ನಡುವೆ ಓಡಾಡುವ ಏಡಿಗಳೂ ಸ್ಪಷ್ಟವಾಗಿ ಕಾಣುತ್ತವೆ. ಉಬ್ಬರವಿದ್ದಾಗ ಬೇರುಗಳೆಲ್ಲ ಮುಳುಗಿರುತ್ತವೆ. ಅಪ್ಸರಕೊಂಡದ ಜಲಪಾತವನ್ನೂ ನೋಡಿದೆವು, ಬೇಸಿಗೆಯಾದ್ದರಿಂದ ನೀರು ತೆಳುವಾಗಿತ್ತು.

ಇದೇ ಯೋಚನೆಯಲ್ಲಿರುವವರು ಮಳೆಗಾಲವನ್ನು ಬಿಡುವುದು ಒಳ್ಳೆಯದು: ಆಗ ಕಡಲಿಗಿಳಿಯುವುದು ಅಪಾಯಕರ, ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಬಂಗಡೆಯೂ ಸುಲಭವಾಗಿ ಸಿಗದು. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಹೊನ್ನಾವರ ನಿಲ್ದಾಣವಿದೆ. ಅಲ್ಲಿಂದ ನಾವು ಆಟೋದಲ್ಲಿ ಹೋದೆವು.