ಇಷ್ಟದ ಲೇಖಕಿಯ ಕಾದಂಬರಿ ಅರ್ಧಕ್ಕೇ ನಿಂತಿದೆ, ಮುಂದುವರಿಸಲಾ?

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ್ತಿಯರಾದ ಬ್ರಾಂಟೆ ಸೋದರಿಯರ (ಶಾರ್ಲೆಟ್, ಎಮಿಲಿ, ಆ್ಯನ್) ಬಗ್ಗೆ ನನ್ನ ಅಚ್ಚುಮೆಚ್ಚಿನ ಲೇಖಕಿ ಬರೆದ ಚಾರಿತ್ರಿಕ ಕಾದಂಬರಿ ಓದುತ್ತಿದ್ದೇನೆ. ಇನ್ನೂರು ಪುಟ ಆಯಿತು, ಮನಸ್ಸೇ ಹಿಡಿಯುತ್ತಿಲ್ಲ. ಅವರ ಹಳೆಯ ಪುಸ್ತಕಗಳನ್ನೆಲ್ಲ ನಿದ್ದೆಗೆಟ್ಟು ಓದಿದವಳು ನಾನು. ಬಿಟ್ಟುಬಿಡಲಾ? ಓದಿದವರು ಹೇಳಿ.

ಉತ್ತರ: ನಾನೂ ಅಲ್ಲೇ ನಿಂತಿದ್ದೆ. ಯಾಕೆ ಬೇಜಾರಾಯಿತು ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ಎಮಿಲಿ ಒಲೆ ಮುಂದೆ ಕೂತು ಶಾರ್ಲೆಟ್‌ಗೆ, ‘1821ರಲ್ಲಿ ಅಮ್ಮ ತೀರಿಕೊಂಡ ಮೇಲೆ ದೊಡ್ಡಮ್ಮನೇ ಅಲ್ವಾ ನಮ್ಮನ್ನು ಸಾಕಿದ್ದು’ ಅನ್ನುತ್ತಾಳೆ. ಒಂದೇ ಮನೆಯಲ್ಲಿ ಬೆಳೆದ ಅಕ್ಕನಿಗೆ ಇಸವಿ ಸಮೇತ ಇದನ್ನು ಹೇಳಬೇಕಾ? ನಾನು ನನ್ನ ಅಕ್ಕನ ಜೊತೆ ಮಾತಾಡುವಾಗ ಅರ್ಧ ವಾಕ್ಯ ಸಾಕು. ಲೇಖಕಿ ಬಹಳ ಓದಿಕೊಂಡಿದ್ದಾರೆ, ಓದಿದ್ದನ್ನೆಲ್ಲ ಆ ಮೂವರ ಬಾಯಲ್ಲಿ ಹೇಳಿಸಿದ್ದಾರೆ. ಅವರ ಹಳೆಯ ಕಥೆಗಳಲ್ಲಿ ಮೌನಕ್ಕೂ ಜಾಗ ಇರುತ್ತಿತ್ತು. ನನಗೆ ನೋವಾಗಿದ್ದು ಅದಕ್ಕೇ.

ಉತ್ತರ: ನಾನು ಪೂರ್ತಿ ಓದಿದೆ. ಮೂವರೂ ಬೆಲ್ ಅನ್ನುವ ಒಂದೇ ಮನೆತನದ ಹೆಸರಿರುವ ಮೂರು ಗುಪ್ತನಾಮಗಳಲ್ಲಿ ಬರೆಯುತ್ತಿದ್ದರಲ್ಲ, ಮೂರೂ ಹೆಸರು ಒಬ್ಬರದೇ ಅಂತ ಸುದ್ದಿ ಹಬ್ಬಿತು. ಹಾಗಲ್ಲ ಅಂತ ತೋರಿಸಲು 1848ರ ಜುಲೈನಲ್ಲಿ ಶಾರ್ಲೆಟ್ ಮತ್ತು ಆ್ಯನ್ ಲಂಡನ್‌ಗೆ, ಪ್ರಕಾಶಕರ ಬಳಿ ಹೋದರು. ಎಮಿಲಿ ಹೋಗಲಿಲ್ಲ. ‘ನಾವು ಮೂವರು ಅಕ್ಕತಂಗಿಯರು’ ಅಂತ ಶಾರ್ಲೆಟ್ ಅಲ್ಲಿ ಬಾಯಿಬಿಟ್ಟಿದ್ದಕ್ಕೆ ಎಮಿಲಿಗೆ ಸಿಟ್ಟು ಬಂತು. ಕಾದಂಬರಿಯಲ್ಲಿ ಆ ಸಿಟ್ಟಿಗೆ ಸಿಕ್ಕಿದ್ದು ಎರಡೇ ಸಾಲು! ಪ್ರಯಾಣದ ವರ್ಣನೆ ಮಾತ್ರ ಹತ್ತು ಪುಟ. ಇಬ್ಬರೂ ವಾಪಸ್ ಬಂದ ಸಂಜೆ ಆ ಮನೆಯಲ್ಲಿ ಏನಾಯಿತು ಅನ್ನುವುದನ್ನೇ ಅಲ್ವಾ ನಾವು ಕಾದಂಬರಿಯಲ್ಲಿ ಹುಡುಕುವುದು?

ಉತ್ತರ: ಬಿಡಬೇಡಿ, ಆದರೆ ಸಾಲಾಗಿ ಓದಲೂ ಬೇಡಿ. ನಾನು ಪುಸ್ತಕ ಬದಿಗಿಟ್ಟು ಮೊದಲು ಶಾರ್ಲೆಟ್ ಬರೆದ ಪತ್ರಗಳನ್ನು ಓದಿದೆ. 1848ರ ಸೆಪ್ಟೆಂಬರ್‌ನಲ್ಲಿ ತಮ್ಮ ಬ್ರಾನ್‌ವೆಲ್, ಡಿಸೆಂಬರ್‌ನಲ್ಲಿ ಎಮಿಲಿ, ಮುಂದಿನ ಮೇ ತಿಂಗಳಲ್ಲಿ ಆ್ಯನ್. ಒಂಬತ್ತು ತಿಂಗಳೊಳಗೆ ಮೂವರೂ ತೀರಿಕೊಂಡರು. ಪತ್ರ ಓದಿದ ಮೇಲೆ ನೇರವಾಗಿ ಕೊನೆಯ ಭಾಗಕ್ಕೆ ಬಂದೆ. ಹಾವರ್ತ್ ಅನ್ನುವ ಊರಿನ ಅವರ ಮನೆಯಲ್ಲಿ ರಾತ್ರಿ ಮೂವರು ಅಕ್ಕತಂಗಿಯರೂ ಊಟದ ಮೇಜಿನ ಸುತ್ತ ನಡೆಯುತ್ತ, ಬರೆಯುತ್ತಿರುವ ಕಥೆಗಳ ಬಗ್ಗೆ ಮಾತಾಡುತ್ತಿದ್ದರು. ತಂಗಿಯರು ಹೋದ ಮೇಲೂ ಶಾರ್ಲೆಟ್ ಅದನ್ನು ನಿಲ್ಲಿಸಲಿಲ್ಲ. ಕೊನೆಯ ಅಧ್ಯಾಯದಲ್ಲಿ ಲೇಖಕಿ ಒಂದು ಮಾತನ್ನೂ ಆಡಿಸಿಲ್ಲ. ಅಡುಗೆಮನೆಯಲ್ಲಿ ಕೂತ ಕೆಲಸದವಳಿಗೆ ಒಬ್ಬಳದೇ ಹೆಜ್ಜೆ ಸಪ್ಪಳ ಕೇಳಿಸುತ್ತದೆ, ಅಷ್ಟೇ. ನಮ್ಮ ಲೇಖಕಿ ಅಲ್ಲಿ ಸಿಕ್ಕರು.