ಅಪ್‌ಡೇಟ್: ಬೆರಳಚ್ಚು ತಾಳೆಯಾಗದಿದ್ದರೂ ಜೀವಿತ ಪ್ರಮಾಣಪತ್ರ ಆಯಿತು

ಪಿಂಚಣಿ ನಿಲ್ಲದಿರಲು, ಬದುಕಿದ್ದೇವೆ ಎಂದು ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ ಬ್ಯಾಂಕಿನ ಯಂತ್ರದಲ್ಲಿ ನನ್ನ ಬೆರಳಚ್ಚು ತಾಳೆಯಾಗುತ್ತಿಲ್ಲ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ನಮಸ್ಕಾರ. ಕೆಲಸ ಆಯಿತು.

ಮುಖ ತೋರಿಸಿ ಮಾಡಿ ಎಂದಿದ್ರಲ್ಲ, ಅದೇ ಕೈಹಿಡಿಯಿತು. ಪಕ್ಕದ ಮನೆ ಹುಡುಗಿ ತನ್ನ ಫೋನಿಗೆ ಮುಖ ಗುರುತಿಸುವ ಆಧಾರ್ ಫೇಸ್ ಆರ್‌ಡಿ, ಪ್ರಮಾಣಪತ್ರ ಮಾಡುವ ಜೀವನ್ ಪ್ರಮಾಣ್ ಎರಡೂ ಆ್ಯಪ್ ಹಾಕಿಕೊಂಡು ಬಂದಳು. ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಖಾತೆ ಸಂಖ್ಯೆ ಎಲ್ಲ ತೆಗೆದಿಟ್ಟಿದ್ದೆ. "ಅಜ್ಜಿ, ಕನ್ನಡಕ ತೆಗೀರಿ. ಸ್ವಲ್ಪ ಕಿಟಕಿ ಕಡೆ ತಿರುಗಿ. ಈಗ ಕಣ್ಣು ಮಿಟುಕಿಸಿ" ಅಂದಳು. ಅಷ್ಟೇ. ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು.

ಮೊದಲು ಬ್ಯಾಂಕಿಗೆ ಹೋಗಿದ್ದಾಗ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೆಬ್ಬೆರಳನ್ನು ಪಂಚೆಗೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದರು. ಯಂತ್ರ ಒಪ್ಪಲೇ ಇಲ್ಲ. ವಯಸ್ಸಾದಂತೆ ಚರ್ಮ ಒಣಗಿ ಬೆರಳಿನ ಗೆರೆ ಸವೆಯುತ್ತೆ, ಅದಕ್ಕೆ ಯಾರೇನು ಮಾಡಲಾಗುತ್ತೆ? "ಸರಿಯಾಗಿ ಒತ್ತಿ" ಎಂದು ಬ್ಯಾಂಕಿನವರು ಅವರನ್ನು ಗದರಿದ್ದು ನನಗೆ ಇವತ್ತಿಗೂ ಬೇಸರ. ಮುಖದಿಂದಲೂ ಆಗುತ್ತೆ ಅಂತ ಒಂದು ಮಾತು ಹೇಳಬಹುದಿತ್ತು. 2021ರಿಂದಲೇ ಈ ಸೌಲಭ್ಯ ಇದೆ.

ಫೋನ್ ಬೇಡ ಅನ್ನುವವರು ಅಂಚೆ ಕಚೇರಿಯಲ್ಲಿ ಕೇಳಿ, ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾರೆ. ಅದಕ್ಕೆ ಶುಲ್ಕ ಉಂಟು. ಕೇಂದ್ರ ಸರ್ಕಾರದ ಪಿಂಚಣಿ ಇದ್ದು 80 ದಾಟಿದ್ದರೆ ನವೆಂಬರ್ ತನಕ ಕಾಯಬೇಡಿ, ಅಕ್ಟೋಬರ್ 1ರಿಂದಲೇ ಕೊಡಬಹುದು.

ಆ ಹಿರಿಯರ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಅಂತ ಆಮೇಲೆ ಗೊತ್ತಾಯಿತು. ಭಾನುವಾರ ಹುಡುಗಿಯನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.