ಕೈಯಾರೆ ಮಾಡಿದ ಗಿಟಾರ್‌ಗೆ ಬಣ್ಣದ ಎಣ್ಣೆ ಹಚ್ಚಿದೆ, ಅಂಗಿಗೆಲ್ಲ ಕೆಂಪು ಹತ್ತುತ್ತಿದೆ

ಹಲಸಿನಹಲಗೆ (ಧಾರವಾಡ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಯಲ್ಲಾಪುರದ ಹತ್ತಿರ ಅಜ್ಜನ ಮನೆ ಬಿಚ್ಚಿದಾಗ ಅಟ್ಟದ ಹಲಸಿನ ಹಲಗೆ ಒಂದಷ್ಟು ನನ್ನ ಪಾಲಿಗೆ ಬಂತು. ವೀಣೆಗೆ ಆಗುವ ಮರ ಎಲೆಕ್ಟ್ರಿಕ್ ಗಿಟಾರ್‌ಗೆ ಯಾಕೆ ಆಗಬಾರದು ಅಂತ ಶುರು ಮಾಡಿದೆ. ಆಕಾರ ಟೆಲಿಕ್ಯಾಸ್ಟರ್ ಅನ್ನುವ ಹಳೇ ಎಲೆಕ್ಟ್ರಿಕ್ ಗಿಟಾರ್ ಮಾದರಿಯದು. ಅದು ಚಪ್ಪಟೆ ಹಲಗೆ, ಉಬ್ಬು ತಗ್ಗು ಕೆತ್ತುವ ಗೋಜಿಲ್ಲ. ಎರಡು ಹಲಗೆ ಅಂಟಿಸಿ 45 ಮಿ.ಮೀ. ದಪ್ಪಕ್ಕೆ ತಂದೆ. ಕುತ್ತಿಗೆ ತೇಗದ್ದು, ಅದರ ಮೇಲೆ ಬೆರಳು ಓಡಾಡುವ ಪಟ್ಟಿ ಬೀಟೆಯದ್ದು. ಒಂಬತ್ತು ತಿಂಗಳ ಭಾನುವಾರಗಳು ಇದಕ್ಕೇ ಹೋದವು.

ಹತ್ತರಿ ಹಾಕಿದ ಮೇಲೆ ಹಲಸು ಅರಿಸಿನದ ಹಾಗೆ ಹಳದಿ. ನನಗೆ ಬೇಕಿದ್ದದ್ದು ಹಳೇ ವೀಣೆಯ ಕಂದುಗೆಂಪು. ಅಮ್ಮ ಚಟ್ನಿಪುಡಿಗೆ ಅಗಸಿ ತರುವ ಗಾಣದಿಂದಲೇ ಅರ್ಧ ಲೀಟರ್ ಎಣ್ಣೆ ತಂದೆ. ಲಿನ್‌ಸೀಡ್ ಅಂದರೆ ಅಗಸಿಯೇ ಅಲ್ವಾ? ಅದಕ್ಕೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಎರಡು ಚಮಚ ಕಲಸಿದೆ. ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಒರೆಸದೆ ಮೂರು ಸಲ ಬಳಿದೆ.

ಇವತ್ತಿಗೆ 19 ದಿನ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಇದು ಇನ್ನೂ ಅಂಟಂಟು. ತಂತಿ ಹಾಕಿಲ್ಲ, ಸುಮ್ನೆ ಹೊಟ್ಟೆಗೆ ಆನಿಸಿ ಹಿಡಿದೆ ಅಷ್ಟೇ. ಬಿಳಿ ಅಂಗಿ ಮೇಲೆ ಗಿಟಾರ್‌ನ ಅಚ್ಚು ಬಿತ್ತು. ಓಕುಳಿ ಆಡಿ ಬಂದೆಯಾ ಅಂತ ಅಮ್ಮ ಕೇಳಿದರು. ಹಲಗೆ ಅಂಟಿಸಿದ ಕಡೆ ಹಳದಿ ಗೆರೆ ಹಾಗೇ ಇದೆ. ಅಡ್ಡ ಕೊಯ್ದ ಅಂಚು ಮಾತ್ರ ಕರ್ರಗಾಗಿದೆ.

ಇನ್ನೂ ಕಾಯಲಾ, ಎಲ್ಲ ಕೆರೆದು ತೆಗೆಯಲಾ?

ಕಡಲತೀರ:

ಕೊಬ್ಬರಿ ಎಣ್ಣೆ ತಿಕ್ಕಿ ನೋಡಿ. ನಮ್ಮನೆ ಬಾಗಿಲಿಗೆ ಅದೇ. ಫಳಫಳ ಅನ್ನುತ್ತದೆ.

ಉಳಿಸದ್ದು (ಸಾಗರ):

ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ. ಅದು ಎಷ್ಟು ದಿನ ಆದರೂ ಎಣ್ಣೆಯಾಗೇ ಇರುತ್ತದೆ. ಬಾಗಿಲಾದರೆ ನಡೆಯುತ್ತದೆ, ಗಿಟಾರ್ ಮೈಗೆ ತಾಗುವ ವಸ್ತು. ಅಗಸೆ, ಟಂಗ್ ಅನ್ನುವ ಮರದ ಬೀಜ, ಅಕ್ರೋಟು, ಈ ಮೂರರ ಎಣ್ಣೆ ಬೇರೆ ಜಾತಿ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತವೆ. ನೀರು ಆರಿದ ಹಾಗಲ್ಲ, ಹಾಲು ಹೆಪ್ಪಾದ ಹಾಗೆ ಅಂದುಕೊಳ್ಳಿ.

ಹಾಗಾಗಿ ಎಣ್ಣೆ ಆರಿಸಿದ್ದು ಸರಿಯೇ. ಆದರೆ ಗಾಣದ ಹಸಿ ಎಣ್ಣೆ ತೆಳ್ಳಗೆ ಹಚ್ಚಿದರೂ ವಾರಗಟ್ಟಲೆ ಬೇಡುತ್ತದೆ. ನೀವು ಮಳೆಗಾಲದಲ್ಲಿ, ಅದೂ ಒರೆಸದೆ, ಮೂರು ಪದರ ಬಳಿದಿದ್ದೀರಿ. ದೀಪಾವಳಿಗೂ ಒಣಗಲ್ಲ. ಪೇಂಟ್ ಅಂಗಡಿಯಲ್ಲಿ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಅಂತ ಕೇಳಿ. ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಅಮ್ಮನ ಅಗಸಿ ಡಬ್ಬಿ ಪಕ್ಕ ಮಾತ್ರ ಇಡಬೇಡಿ, ಅದು ತಿನ್ನುವಂಥದ್ದಲ್ಲ.

ಈಗ ಹಚ್ಚಿದ್ದನ್ನು ತೆಗೆಯಿರಿ. ಇನ್ನೂ ಹಸಿ ಇರುವುದರಿಂದ ಟರ್ಪೆಂಟೈನ್ ಬಟ್ಟೆಗೆ ಬಿಟ್ಟುಕೊಳ್ಳುತ್ತದೆ. ಬಟ್ಟೆ ಕೆಂಪಾಗದ ತನಕ ಒರೆಸಿ, ಎರಡು ದಿನ ಬಿಟ್ಟು 180, ಆಮೇಲೆ 220ರ ಸ್ಯಾಂಡ್‌ಪೇಪರ್. ಹಳದಿ ಗೆರೆ ಅಂದಿರಲ್ಲ, ಅದು ಆಚೆ ಉಕ್ಕಿದ ಅಂಟು. ಮರದ ರಂಧ್ರ ಮುಚ್ಚಿರುವುದರಿಂದ ಬಣ್ಣ ಒಳಗೆ ಇಳಿಯುವುದಿಲ್ಲ, ಉಳಿಯಿಂದ ನಯವಾಗಿ ಹೆರೆದು ತೆಗೆಯಬೇಕು. ಅಡ್ಡ ಕೊಯ್ದ ಅಂಚಿನ ಕಥೆ ಉಲ್ಟಾ. ಅಲ್ಲಿ ಮರದ ನಾಳಗಳು ಬಾಯಿ ತೆರೆದಿರುತ್ತವೆ, ಗಟಗಟ ಕುಡಿಯುತ್ತವೆ. ಆ ಅಂಚನ್ನು 400ರವರೆಗೆ ಉಜ್ಜಿ, ಮೊದಲು ಬರಿ ಎಣ್ಣೆ ಕುಡಿಸಿ.

ರೆಡ್ ಆಕ್ಸೈಡ್ ಕೆಟ್ಟದ್ದೇನಲ್ಲ, ಅದು ಕಬ್ಬಿಣದ ಬಣ್ಣವೇ. ಚಿತ್ರ ಬರೆಯುವವರ ಆಯಿಲ್ ಕಲರ್ ಟ್ಯೂಬ್‌ನ ಬರ್ನ್ಟ್ ಸಿಯೆನ್ನಾ ಅನ್ನುವ ಕಂದುಗೆಂಪಿನಲ್ಲೂ ಇರುವುದು ಕಬ್ಬಿಣವೇ, ಆದರೆ ಎಣ್ಣೆಯಲ್ಲೇ ನುಣ್ಣಗೆ ಅರೆದಿರುತ್ತಾರೆ. ಅದನ್ನೂ ಬರ್ನ್ಟ್ ಅಂಬರ್ ಅನ್ನುವ ಕಡುಕಂದು ಸ್ವಲ್ಪವನ್ನೂ ತನ್ನಿ. ಅರ್ಧ ಎಣ್ಣೆ, ಅರ್ಧ ಟರ್ಪೆಂಟೈನ್. ಒಂದು ಲೋಟಕ್ಕೆ ಕಡಲೆಕಾಳಿನಷ್ಟು ಬಣ್ಣದಿಂದ ಶುರು ಮಾಡಿ, ಉಳಿದ ಹಲಗೆ ತುಂಡಿನ ಮೇಲೆ ನೋಡುತ್ತಾ ಹೆಚ್ಚಿಸಿ. ಹಚ್ಚಿ, ಕಾಲು ಗಂಟೆ ಬಿಟ್ಟು, ಪೂರ್ತಿ ಒರೆಸಿಬಿಡಿ. ಬಣ್ಣ ಮೊದಲ ಕೈಗೆ ಮಾತ್ರ. ಅದು ಒಣಗಿದ ಮೇಲೆ ಬರಿ ಎಣ್ಣೆ ನಾಲ್ಕು ಕೈ. ನಿಮ್ಮ ಅಂಗಿ ಉಳಿಸುವುದು ಈ ಮೇಲಿನ ನಾಲ್ಕು.

ಬಣ್ಣ ನಿಮಗೆ ಬೇಕಾದ್ದಕ್ಕಿಂತ ತುಸು ತಿಳಿಯಾಗೇ ನಿಲ್ಲಿಸಿ. ಹಲಸು ಬೆಳಕು ಕಂಡಂತೆ ತಾನೇ ಕಂದಾಗುತ್ತದೆ. ಬೀಟೆ ಪಟ್ಟಿಗೆ ಟೇಪ್ ಹಚ್ಚಿ ಮುಚ್ಚಿ. ಬೀಟೆಯೊಳಗೇ ಇರುವ ಎಣ್ಣೆಯಂಶ ಅಗಸೆ ಎಣ್ಣೆಯನ್ನು ಗಟ್ಟಿಯಾಗಲು ಬಿಡುವುದಿಲ್ಲ.

ಹಲಸಿನಹಲಗೆ:

ಸರ್, ತುಂಬಾ ಉಪಕಾರ. ಒರೆಸುವುದಕ್ಕೆ ಶುರು ಮಾಡಿದೆ. ಅಪ್ಪನ ಎರಡು ಹಳೇ ಪಂಚೆ ಆಗಲೇ ಖರ್ಚಾದವು, ಮೂಲೆಯಲ್ಲಿ ಗುಡ್ಡೆ ಬಿದ್ದಿವೆ. ಎಣ್ಣೆ ಜಾಸ್ತಿ ಹೀರಿದರೆ ಧ್ವನಿ ಮಂಕಾಗುತ್ತದೆ ಅನ್ನುತ್ತಾರಲ್ಲ?

ಮೂರನೇಮನೆ:

ಆ ಪಂಚೆ ಗುಡ್ಡೆ ಈಗಲೇ ಬಿಡಿಸಿ, ಆಮೇಲೆ ಉಳಿದದ್ದು ಓದಿ! ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆ ಮಾಡಿಟ್ಟ ಬಟ್ಟೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಹಸಿ ಎಣ್ಣೆಯಲ್ಲೂ ಆಗುತ್ತದೆ, ಬಾಯಿಲ್ಡ್‌ನಲ್ಲಿ ಇನ್ನೂ ಬೇಗ. ನಮ್ಮ ಶೆಡ್‌ನ ಕಸದ ಬುಟ್ಟಿ ರಾತ್ರಿ ಹೊಗೆಯಾಡಿದ್ದನ್ನು ನಾನೇ ನೋಡಿದ್ದೇನೆ, ಕಡ್ಡಿ ಗೀರಿದವರು ಯಾರೂ ಇರಲಿಲ್ಲ. ಒಂದೊಂದೇ ತುಂಡು ಹೊರಗೆ ಹರವಿ ಗರಿಗರಿ ಆಗಲಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಉಳಿಸದ್ದು:

ಅಯ್ಯೋ, ನಾನು ಮೊದಲು ಹೇಳಬೇಕಿದ್ದದ್ದೇ ಅದು. ಧ್ವನಿ ವಿಷಯ: ಅಕೌಸ್ಟಿಕ್, ಅಂದರೆ ಒಳಗೆ ಟೊಳ್ಳಿರುವ ಗಿಟಾರ್‌ನ ಮೂರು ಮಿ.ಮೀ. ಮುಖದ ಹಲಗೆಗೆ ಎಣ್ಣೆ ಕುಡಿಸಲು ನಾನೂ ಹೆದರುತ್ತೇನೆ. 45 ಮಿ.ಮೀ. ಗಟ್ಟಿ ಹಲಗೆಗೆ ಯಾಕೆ ಚಿಂತೆ.

ಹಲಸಿನಹಲಗೆ:

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತುಂಡಿನ ಮೇಲೆ ಏಳು ಪಟ್ಟೆ ಬಳಿದು ನೋಡಿದೆ, ನಾಲ್ಕನೆಯದು ಹಿಡಿಸಿತು. ಅಂಟಿನ ಗೆರೆ ಪೂರ್ತಿ ಹೋಗಲಿಲ್ಲ, ಕೂದಲೆಳೆಯಷ್ಟು ಉಳಿದಿದೆ. ಕೆಳಗಿನ ಅಂಚು ಇನ್ನೂ ಒಂದು ಛಾಯೆ ಕಪ್ಪೇ. ಒರೆಸಿದ ಬಟ್ಟೆಯನ್ನೆಲ್ಲ ತಂತಿ ಮೇಲೆ ಒಂದೊಂದಾಗಿ ಹರವುತ್ತಿದ್ದೆ, ಇದ್ಯಾವ ಹೊಸ ವ್ರತ ಅಂತ ಪಕ್ಕದ ಮನೆಯವರು ಕೇಳಿದರು.

ನಿನ್ನೆ ತಂತಿ ಹಾಕಿದೆ. ಅಮ್ಮ ಬಿಳಿ ಕರವಸ್ತ್ರ ತಂದು ಹಿಂಬದಿಯನ್ನು ಗಟ್ಟಿಯಾಗಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟರು.